ತೂಕ ನಿಂತ ಮೇಲೆ ಪೊಟ್ಟಣ ಕಟ್ಟಿ

ಸೋಪು ಮಾಡಲು ಕಲಿಯುವವರೆಲ್ಲ ಕೊನೆಗೆ ಕೇಳುವ ಪ್ರಶ್ನೆ ಒಂದೇ. "ಯಾವ ಪೇಪರ್‌ನಲ್ಲಿ ಸುತ್ತಿದರೆ ಚೆಂದ ಕಾಣುತ್ತೆ?" ಉತ್ತರ ಹೇಳುವ ಮೊದಲು ನಾನು ಒಂದು ಬಾರ್ ತಕ್ಕಡಿಯ ಮೇಲೆ ಇಡಿಸುತ್ತೇನೆ. ತೂಕ ಬರೆದಿಟ್ಟುಕೊಳ್ಳಿ, ಒಂದು ವಾರ ಬಿಟ್ಟು ಅದೇ ಬಾರ್ ಮತ್ತೆ ತೂಗಿ. ಕಡಿಮೆಯಾಗಿದೆ ಅಲ್ವಾ? ಹಾಗಾದರೆ ಅದಕ್ಕಿನ್ನೂ ಪೊಟ್ಟಣದ ಹೊತ್ತು ಬಂದಿಲ್ಲ.

ಕೋಲ್ಡ್ ಪ್ರೊಸೆಸ್ ಸೋಪಿನಲ್ಲಿ, ಅಂದರೆ ಒಲೆಯ ಮೇಲೆ ಬೇಯಿಸದೆ ಮಾಡುವ ಸೋಪಿನಲ್ಲಿ, ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಸೋಪಾಗುವ ಕೆಲಸ ಬಹುಪಾಲು ಒಂದೆರಡು ದಿನದಲ್ಲೇ ಮುಗಿಯುತ್ತದೆ. ಆದರೆ ಸೋಡಾ ಕರಗಿಸಲು ಹಾಕಿದ ನೀರು ಒಳಗೇ ಇರುತ್ತದೆ. ಅದು ನಿಧಾನವಾಗಿ ಆರಲು ನಾಲ್ಕರಿಂದ ಆರು ವಾರ ಬೇಕು. ನನ್ನ ಕೈಯಲ್ಲಿ ಕತ್ತರಿಸಿದ ದಿನ 115 ಗ್ರಾಂ ಇದ್ದ ಬಾರ್ ಆರು ವಾರದಲ್ಲಿ 103ಕ್ಕೆ ಇಳಿದದ್ದಿದೆ. ಲೇಬಲ್ ಮೇಲೆ 115 ಎಂದು ಅಚ್ಚು ಹಾಕಿಸಿದ್ದರೆ ಕೊಂಡವರಿಗೆ ಮೋಸ ಮಾಡಿದಂತಾಗುತ್ತಿತ್ತು. ಲೇಬಲ್‌ನಲ್ಲಿ 100 ಗ್ರಾಂ ಎಂದಿದ್ದರೆ ಮಾರುವ ದಿನ 100ಕ್ಕಿಂತ ಕಡಿಮೆ ಇರಲೇಬಾರದು. ಅದಕ್ಕೆ ತಕ್ಕಷ್ಟು ದಪ್ಪವಾಗಿ ಮೊದಲೇ ಕತ್ತರಿಸಿ. ಸಾಲಾಗಿ ಎರಡು ವಾರ ತೂಕ ಹೆಚ್ಚುಕಡಿಮೆ ಒಂದೇ ಬಂದರೆ ಆಗ ಪೇಪರ್ ಆಯ್ದುಕೊಳ್ಳಲು ಕೂರಬಹುದು.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಮೊದಲ ದೊಡ್ಡ ಆರ್ಡರ್ ಬಂದಾಗ ಸೋಪು ಮಾಡಿ ಮೂರು ವಾರವಷ್ಟೇ ಆಗಿತ್ತು. ಅವಸರದಲ್ಲಿ 60 ಬಾರ್‌ಗಳನ್ನೂ ಪ್ಲಾಸ್ಟಿಕ್‌ನಲ್ಲಿ ಶ್ರಿಂಕ್ ರ‍್ಯಾಪ್ ಮಾಡಿ, ಅಂದರೆ ಬಿಸಿ ತಾಗಿಸಿ ಪ್ಲಾಸ್ಟಿಕ್ ಬಿಗಿಯಾಗಿ ಕೂರುವಂತೆ ಸುತ್ತಿ, ಕಳಿಸಿದೆ. ಕಳಿಸಿದ ದಿನ ಗಾಜಿನಂತೆ ಹೊಳೆಯುತ್ತಿದ್ದವು. ಎರಡು ತಿಂಗಳ ನಂತರ ಆರ್ಡರ್ ಕೊಟ್ಟವರು ಒಂದನ್ನು ತಂದು ತೋರಿಸಿದರು. ಪ್ಲಾಸ್ಟಿಕ್ ಒಳಗಡೆ ಸಣ್ಣ ಹನಿಗಳು ಕೂತಿದ್ದವು. ಬೆರಳಿಟ್ಟರೆ ಮೇಲ್ಮೈ ಮೆತ್ತಗೆ ಜಾರುತ್ತಿತ್ತು. ಹೊರಬರಬೇಕಾದ ನೀರಿಗೆ ದಾರಿಯೇ ಇರಲಿಲ್ಲ. ಅಷ್ಟೂ ಬಾರ್‌ಗಳನ್ನು ಬದಲಾಯಿಸಿಕೊಟ್ಟೆ. ಇವತ್ತಿಗೂ ಆರದ ಸೋಪನ್ನು ನಾನು ಪ್ಲಾಸ್ಟಿಕ್ಕಿಗೆ ಮುಟ್ಟಿಸುವುದಿಲ್ಲ. ಆರಿದ ಮೇಲೂ ಶ್ರಿಂಕ್ ರ‍್ಯಾಪ್ ಬೇಕೇ ಬೇಕೆಂದರೆ ಎರಡು ತುದಿಯಲ್ಲಿ ಸ್ವಲ್ಪ ತೆರವು ಬಿಡುತ್ತೇನೆ.

ಕರಗಿಸಿ ಅಚ್ಚಿಗೆ ಸುರಿಯುವ ಗ್ಲಿಸರಿನ್ ಸೋಪಿನದು ಪೂರಾ ಉಲ್ಟಾ. ಅದರಲ್ಲಿ ಗ್ಲಿಸರಿನ್ ಜಾಸ್ತಿ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೆರೆದಿಟ್ಟರೆ ಮೈಮೇಲೆ ಬೆವರಿನಂತೆ ಹನಿ ಮೂಡುತ್ತದೆ. ಪೂರ್ತಿ ತಣ್ಣಗಾದ ಕೂಡಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿ ಹೋಗದಂತೆ ಸುತ್ತಿಬಿಡಿ. ಎರಡು ಬಗೆಯನ್ನೂ ಮಾಡುವವರು ಒಂದೇ ಪೊಟ್ಟಣ ಸಾಕು ಅಂದುಕೊಂಡರೆ ಒಂದಲ್ಲ ಒಂದು ಕೆಡುತ್ತದೆ.

ಕೋಲ್ಡ್ ಪ್ರೊಸೆಸ್ ಬಾರ್‌ಗೆ ನನಗೆ ಇಷ್ಟವಾದದ್ದು ನಡುವಿಗೆ ಸುತ್ತುವ ಕಾಗದದ ಪಟ್ಟಿ. ಸೋಪನ್ನು ಜನ ಮೂಗಿನಿಂದ ಕೊಳ್ಳುತ್ತಾರೆ. ಕೈಗೆತ್ತಿಕೊಂಡ ತಕ್ಷಣ ಮೂಗಿನ ಹತ್ತಿರ ಹಿಡಿಯುತ್ತಾರೆ, ಗಮನಿಸಿ ನೋಡಿ. ಪಟ್ಟಿಯಾದರೆ ಎರಡು ತುದಿಯೂ ತೆರೆದಿರುತ್ತದೆ. ಗಾಳಿಯೂ ಆಡುತ್ತದೆ, ಪರಿಮಳವೂ ಸಿಗುತ್ತದೆ. ಆದರೆ ಒಂದು ತೊಂದರೆ ಇದೆ. ಸೋಪು ಇನ್ನೂ ಕುಗ್ಗುತ್ತಿದ್ದರೆ ಪಟ್ಟಿ ಸಡಿಲವಾಗಿ ಉಂಗುರದ ಹಾಗೆ ಜಾರಿ ಬೀಳುತ್ತದೆ. ಅದನ್ನು ಸೋಪಿಗೇ ಗೋಂದು ಹಚ್ಚಿ ಅಂಟಿಸಲು ಹೋಗಬೇಡಿ. ಕಾಗದದ ತುದಿಯನ್ನು ಕಾಗದಕ್ಕೇ ಅಂಟಿಸಿ. ತುದಿಗಳಿಗೆ ಧೂಳು ಕೂರುತ್ತದೆ, ಹತ್ತು ಕೈ ಮುಟ್ಟುತ್ತವೆ ಅನ್ನುವ ಕಡೆ ಸಣ್ಣ ಕಿಂಡಿ ಇರುವ ರಟ್ಟಿನ ಡಬ್ಬಿ ವಾಸಿ.

ಕಾಗದವನ್ನು ನಂಬುವ ಮೊದಲು ಪರೀಕ್ಷೆ ಮಾಡಿ. ಸೋಪಿನಲ್ಲಿ ಉಳಿದ ಎಣ್ಣೆಯ ಅಂಶ, ಪರಿಮಳದ ಎಣ್ಣೆ ಎರಡೂ ಕಾಗದಕ್ಕೆ ಇಳಿದು ಜಿಡ್ಡಿನ ಕಲೆ ಮಾಡುತ್ತವೆ. ಸೋಪು ಕ್ಷಾರ. ಬಣ್ಣದ ಕಾಗದದ ಬಣ್ಣ ಬಿಡಿಸಿ ತನ್ನ ಮೈಗೇ ಹಚ್ಚಿಕೊಳ್ಳಬಹುದು. ಒಂದು ಬಾರ್ ಸುತ್ತಿ ಎರಡು ವಾರ ಬೆಚ್ಚಗಿನ ಜಾಗದಲ್ಲಿಟ್ಟು ಬಿಚ್ಚಿ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಒಳಗೆ ಬಟರ್ ಪೇಪರ್ ಒಂದು ಸುತ್ತು ಹಾಕಿದರೆ ಹೊರಗಿನ ಕಾಗದ ಚೊಕ್ಕಟವಾಗಿರುತ್ತದೆ. ಸ್ಟೇಪ್ಲರ್ ಪಿನ್ ಬೇಡ, ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಡಬ್ಬಿಯೂ ಬೇಡ. ಕ್ಷಾರಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ.

ಲೇಬಲ್ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ಹಾಕಿದ ಪದಾರ್ಥ ಎಲ್ಲವನ್ನೂ ಬರೆಯಿರಿ, ತೂಕದಲ್ಲಿ ಹೆಚ್ಚಿರುವುದು ಮೊದಲು. ಕಾಸ್ಟಿಕ್ ಸೋಡಾ ಅಂದರೆ ಜನ ಹೆದರುತ್ತಾರೆ ಎಂದು ಅದನ್ನು ಸುಮ್ನೆ ಬಿಟ್ಟುಬಿಡುವವರಿದ್ದಾರೆ. ಸರಿಯಾಗಿ ಲೆಕ್ಕ ಹಾಕಿ ಮಾಡಿದ ಸೋಪಿನಲ್ಲಿ ಅದು ಉಳಿದಿರುವುದಿಲ್ಲ, ಎಣ್ಣೆಯ ಜೊತೆ ಸೇರಿ ಸೋಪಾಗಿರುತ್ತದೆ. ಆ ಮಾತನ್ನೇ ಒಂದು ಸಾಲಿನಲ್ಲಿ ಬರೆದರೆ ಹೆದರಿಕೆ ಹೋಗುತ್ತದೆ. "ಕೆಮಿಕಲ್ ಇಲ್ಲ" ಎಂದು ಬರೆಯುವುದು ಸುಳ್ಳು, ಸೋಪೇ ಒಂದು ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ್ದು. ಇಸುಬು ವಾಸಿಯಾಗುತ್ತದೆ, ಮೊಡವೆ ಹೋಗುತ್ತದೆ ಎಂದಂತೂ ಬರೆಯಲೇಬೇಡಿ. ಹಾಗೆ ಬರೆದ ಕೂಡಲೇ ಅನೇಕ ದೇಶಗಳ ಕಾನೂನು ಅದನ್ನು ಔಷಧಿ ಎಂದು ನೋಡುತ್ತದೆ. ಬಾದಾಮಿ ಎಣ್ಣೆ ಹಾಕಿದ್ದರೆ ಕಣ್ಣಿಗೆ ಬೀಳುವ ಹಾಗೆ ಹೇಳಿ, ಅಲರ್ಜಿ ಇರುವವರಿಗೆ ಅದು ಮುಖ್ಯ.

ಬ್ಯಾಚ್ ನಂಬರ್ ಮತ್ತು ತಯಾರಿಸಿದ ದಿನ ಇಲ್ಲದ ಪೊಟ್ಟಣ ನನ್ನಲ್ಲಿಂದ ಹೊರಗೆ ಹೋಗುವುದಿಲ್ಲ. ಪ್ರತಿ ಬ್ಯಾಚಿನಿಂದ ಒಂದು ಬಾರ್ ಅನ್ನು ಮಾರುವ ಪೊಟ್ಟಣದಲ್ಲೇ ಸುತ್ತಿ ನನ್ನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆ. ಆರು ತಿಂಗಳಾದ ಮೇಲೆ ಬಿಚ್ಚುತ್ತೇನೆ. ಮೊನ್ನೆ ಬಿಚ್ಚಿದ ಒಂದರಲ್ಲಿ ಅಂಚಿನ ಉದ್ದಕ್ಕೂ ಕಿತ್ತಳೆ ಬಣ್ಣದ ಚುಕ್ಕೆಗಳು, ಹತ್ತಿರ ಹಿಡಿದರೆ ಹಳೇ ಎಣ್ಣೆಯ ಕಮಟು ವಾಸನೆ. ನಂಬರ್ ಹಿಡಿದು ನೋಟ್‌ಬುಕ್ ತೆಗೆದೆ. ಆ ಸಲ ಸೂರ್ಯಕಾಂತಿ ಎಣ್ಣೆ ಜಾಸ್ತಿ ಹಾಕಿದ್ದೆ, ಅದು ಬೇಗ ಕಮಟುವ ಎಣ್ಣೆ. ಆ ಬ್ಯಾಚಿನ ಬಾರ್‌ಗಳನ್ನು ಕೊಂಡವರಿಗೆಲ್ಲ ಅವತ್ತೇ ಫೋನ್ ಮಾಡಿದೆ.