ಇಟಲಿಯ ಕೋರ್ಟುಗಳಲ್ಲಿ 'ಮಾನ'ದ ವಾದ: 1981ರವರೆಗೆ ಉಳಿದದ್ದು ಹೇಗೆ?

'ಮನೆತನದ ಮಾನ ಹೋಯಿತು, ಅದಕ್ಕೇ ಕೊಂದೆ.' ಇಟಲಿಯಲ್ಲಿ 1981ರವರೆಗೂ ಈ ವಾದಕ್ಕೆ ಕಾನೂನಿನಲ್ಲೇ ಜಾಗವಿತ್ತು.

ಬೇರು ತುಂಬಾ ಹಳೆಯದು. ಚಕ್ರವರ್ತಿ ಅಗಸ್ಟಸ್ ಕಾಲದ ರೋಮನ್ ಕಾನೂನು, ಹಾದರದಲ್ಲಿ ಸಿಕ್ಕಿಬಿದ್ದ ಮಗಳನ್ನು ಕೊಲ್ಲಲು ತಂದೆಗೆ ಅವಕಾಶ ಕೊಟ್ಟಿತ್ತು. ಸಾಮ್ರಾಜ್ಯ ಮುಗಿಯಿತು, ರಾಜರು ಬಂದು ಹೋದರು, ಆ ಯೋಚನೆ ಮಾತ್ರ ಉಳಿಯಿತು. 1930ರ ದಂಡಸಂಹಿತೆಯಲ್ಲಿ ಅದು 587ನೇ ವಿಧಿಯಾಯಿತು. ಹೆಂಡತಿ, ಮಗಳು ಅಥವಾ ಅಕ್ಕತಂಗಿಯ ಅಕ್ರಮ ಸಂಬಂಧ ಕಂಡ ಸಿಟ್ಟಿನಲ್ಲಿ ಕೊಂದರೆ 3ರಿಂದ 7 ವರ್ಷ ಜೈಲು. ಸಾಮಾನ್ಯ ಕೊಲೆಗೆ ಕನಿಷ್ಠ 21 ವರ್ಷ! ಆ ವಿಧಿ ಕಾಯುತ್ತಿದ್ದದ್ದು ಕೊಂದವನ ಮತ್ತು ಅವನ ಮನೆತನದ ಮಾನವನ್ನು. ಸತ್ತವಳಿಗೂ ಮಾನ ಇತ್ತು ಅನ್ನುವ ಮಾತೇ ಅದರಲ್ಲಿಲ್ಲ.

ಇದರ ಜೊತೆಗೇ 544ನೇ ವಿಧಿ. ಅತ್ಯಾಚಾರ ಮಾಡಿದವನು ಅವಳನ್ನೇ ಮದುವೆಯಾದರೆ ಅಪರಾಧ ಅಳಿಸಿಹೋಗುತ್ತಿತ್ತು. ಅವನಿಗೆ ನೆರವಾದವರೂ ಪಾರು.

ಇದಕ್ಕೆ ಎದುರು ನಿಂತವಳು ಸಿಸಿಲಿಯ ಅಲ್ಕಾಮೊ ಊರಿನ ಫ್ರಾಂಕಾ ವಿಯೋಲಾ. ರೈತನ ಮಗಳು, ವಯಸ್ಸು 17. 1965ರ ಡಿಸೆಂಬರ್ 26ರಂದು, ನಿಶ್ಚಿತಾರ್ಥ ಮುರಿದುಬಿದ್ದಿದ್ದ ಹುಡುಗ ಗುಂಪು ಕಟ್ಟಿಕೊಂಡು ಬಂದು ಅವಳನ್ನು ಎತ್ತಿಕೊಂಡು ಹೋದ. ತಡೆಯಲು ಬಂದ ಪುಟ್ಟ ತಮ್ಮನನ್ನೂ ಬಿಡಲಿಲ್ಲ, ಆಮೇಲೆ ಅವನನ್ನು ಕಳಿಸಿದರು. ಒಂದು ವಾರ ಅವಳನ್ನು ಕೂಡಿಹಾಕಿದ್ದರು, ಅವನು ಅತ್ಯಾಚಾರ ಮಾಡಿದ. ರಾಜಿ ಮಾತುಕತೆಗೆ ಕರೆ ಬಂದಾಗ ತಂದೆ ಒಪ್ಪಿದಂತೆ ನಟಿಸಿ ಪೊಲೀಸರ ಜೊತೆ ಸೇರಿದರು. ಜನವರಿ 2ರಂದು ಅವಳು ಬಿಡುಗಡೆಯಾದಳು.

ಅವನ ಜೊತೆ ಮದುವೆಗೆ ಅವಳು ಒಪ್ಪಲೇ ಇಲ್ಲ. ಕುಟುಂಬಕ್ಕೆ ಬೆದರಿಕೆ ಬಂತು. ದ್ರಾಕ್ಷಿ ತೋಟಕ್ಕೆ ಬೆಂಕಿ ಬಿತ್ತು. ಆದರೂ ತಂದೆ ಮಗಳ ಕೈ ಬಿಡಲಿಲ್ಲ. ಆ ಊರಿನಲ್ಲಿ, ಆ ಕಾಲದಲ್ಲಿ, ಅದೇನು ಸುಮ್ನೆ ಮಾತಲ್ಲ.

1966ರಲ್ಲಿ ತ್ರಾಪಾನಿಯ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಆರೋಪಿ ಪರ ವಕೀಲರು ಊರಿನ ರೂಢಿಯನ್ನು ಮುಂದಿಟ್ಟರು: ಹುಡುಗಿ ಇಷ್ಟಪಟ್ಟೇ ಓಡಿಹೋಗಿದ್ದಾಳೆ, ಇದು ಮದುವೆಗೆ ಅಡ್ಡದಾರಿ ಅಷ್ಟೇ ಎಂದರು. ನ್ಯಾಯಾಧೀಶರು ನಂಬಲಿಲ್ಲ. ಅವನಿಗೆ 11 ವರ್ಷ ಜೈಲಾಯಿತು. 1968ರಲ್ಲಿ ಅವಳು ಇಷ್ಟಪಟ್ಟವನನ್ನೇ ಮದುವೆಯಾದಳು. ರಾಷ್ಟ್ರಾಧ್ಯಕ್ಷರೇ ಉಡುಗೊರೆ ಕಳಿಸಿದರು.

ದೇಶ ಅವಳನ್ನು ಮೆಚ್ಚಿತು, ಕಾನೂನನ್ನು ಮಾತ್ರ ಮುಟ್ಟಲಿಲ್ಲ. 1970ರಲ್ಲಿ ವಿಚ್ಛೇದನದ ಕಾನೂನು ಬಂತು, 1975ರಲ್ಲಿ ಕುಟುಂಬ ಕಾನೂನು ಬದಲಾಯಿತು. 587 ಮತ್ತು 544, ಎರಡೂ ವಿಧಿಗಳು ರದ್ದಾದದ್ದು 1981ರ ಆಗಸ್ಟ್‌ನಲ್ಲಿ, ಅವಳ ತೀರ್ಪಿನ ಸುಮಾರು 15 ವರ್ಷದ ನಂತರ. ಇಷ್ಟು ತಡವೇಕೆ ಎಂದು ಕೇಳಲೇಬೇಕು ಅಲ್ವಾ? ಅಷ್ಟಾದರೂ ಅತ್ಯಾಚಾರ 'ಸಾರ್ವಜನಿಕ ನೀತಿ'ಯ ವಿರುದ್ಧದ ಅಪರಾಧಗಳ ಪಟ್ಟಿಯಲ್ಲೇ ಇತ್ತು. ಅದನ್ನು ವ್ಯಕ್ತಿಯ ವಿರುದ್ಧದ ಅಪರಾಧ ಎಂದು ಬರೆದದ್ದು 1996ರಲ್ಲಿ.