ನೀರು ಹೋದ ಮೇಲೆ ಲಿಗ್ನೈಟಿನ ರಂಧ್ರಗಳು ಏನಾಗುತ್ತವೆ?

ಪ್ರಶ್ನೆ: ತಮಿಳುನಾಡಿನ ನೈವೇಲಿಯ ಲಿಗ್ನೈಟ್ (ಕಂದು ಕಲ್ಲಿದ್ದಲು) ತುಂಡೊಂದನ್ನು ಕಾಲೇಜಿನ ಲ್ಯಾಬಿನಲ್ಲಿ 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಣಗಿಸಿದೆವು. ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಮೇಲೆ ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟರೂ ಮೊದಲಿನ ತೂಕ ಬರಲಿಲ್ಲ. ನೀರು ಹೋದ ಜಾಗ ಖಾಲಿಯೇ ಇರಬೇಕಲ್ಲವೇ? ಅದು ಮತ್ತೆ ಏಕೆ ತುಂಬುವುದಿಲ್ಲ? (ಓದುಗರು, ಬೆಂಗಳೂರು)

ಉತ್ತರ: ಆ ಜಾಗ ಖಾಲಿಯಾಗಿ ಉಳಿದಿಲ್ಲ, ಅದರಲ್ಲಿ ಬಹುಪಾಲು ಮುಚ್ಚಿಹೋಗಿದೆ. ಲಿಗ್ನೈಟಿನ ರಂಧ್ರಗಳನ್ನು ಇಟ್ಟಿಗೆಯ ರಂಧ್ರಗಳಂತೆ, ನೀರಿದ್ದರೂ ಇಲ್ಲದಿದ್ದರೂ ಒಂದೇ ಆಕಾರದಲ್ಲಿ ನಿಲ್ಲುವ ಗಟ್ಟಿ ಪೊಳ್ಳುಗಳೆಂದು ಭಾವಿಸುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಸಸ್ಯಗಳು ಕೊಳೆತು ಕಲ್ಲಿದ್ದಲಾಗುವ ಹಾದಿಯಲ್ಲಿ ಇನ್ನೂ ಮೊದಲ ಮೆಟ್ಟಿಲುಗಳಲ್ಲೇ ಇರುವ ಲಿಗ್ನೈಟ್, ರಚನೆಯಲ್ಲಿ ಕಲ್ಲಿಗಿಂತ ಜೆಲ್‌ಗೆ ಹತ್ತಿರ. ನೆಲದಿಂದ ಅಗೆದಾಗ ನೈವೇಲಿಯ ಲಿಗ್ನೈಟಿನಲ್ಲಿ ಸುಮಾರು ಅರ್ಧ ತೂಕ ನೀರೇ ಇರುತ್ತದೆ. ಆಸ್ಟ್ರೇಲಿಯದ ಲಾಟ್ರೋಬ್ ಕಣಿವೆಯ ಕಂದು ಕಲ್ಲಿದ್ದಲಿನಲ್ಲಿ ಅದು 60 ಶೇಕಡಾವನ್ನೂ ಮೀರುತ್ತದೆ. ಅಷ್ಟು ನೀರು ರಂಧ್ರದೊಳಗೆ ಸುಮ್ಮನೆ ಕುಳಿತಿರುವುದಿಲ್ಲ, ಗೋಡೆಗಳು ಒಂದಕ್ಕೊಂದು ಅಂಟದಂತೆ ಊರುಗೋಲಾಗಿಯೂ ನಿಂತಿರುತ್ತದೆ.

ಒಣಗಿಸುವಾಗ ದೊಡ್ಡ ರಂಧ್ರಗಳ, ಅಂದರೆ 50 ನ್ಯಾನೋಮೀಟರಿಗಿಂತ ಅಗಲವಾದವುಗಳ, ನೀರು ಮೊದಲು ಹೊರಡುತ್ತದೆ. ಆಮೇಲೆ 2ರಿಂದ 50 ನ್ಯಾನೋಮೀಟರ್ ಅಗಲದ ಮಧ್ಯಮ ರಂಧ್ರಗಳ ಸರದಿ. ಇಲ್ಲಿಯೇ ನಿಜವಾದ ಹಾನಿ ಆಗುವುದು. 10 ನ್ಯಾನೋಮೀಟರ್ ತ್ರಿಜ್ಯದ ರಂಧ್ರವೊಂದರಲ್ಲಿ ನೀರಿನ ಮೇಲ್ಮೈ ಬಾಗಿ ನಿಂತಿದೆ ಎಂದುಕೊಳ್ಳಿ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್; ಅದನ್ನು ಎರಡರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ ಸುಮಾರು 140 ವಾತಾವರಣಗಳಷ್ಟು ಸೆಳೆತ ಬರುತ್ತದೆ. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿಯ ಒತ್ತಡ ಎರಡು ವಾತಾವರಣಗಳ ಆಸುಪಾಸಿನದು ಎಂಬುದನ್ನು ನೆನೆದರೆ, ಮೆತ್ತನೆಯ ಜೆಲ್ ಗೋಡೆಗಳು ಒಳಕ್ಕೆ ಕುಸಿಯುವುದರಲ್ಲಿ ಆಶ್ಚರ್ಯವೇನೂ ಉಳಿಯುವುದಿಲ್ಲ. ತುಂಡಿನ ಗಾತ್ರವೇ ಕುಗ್ಗುತ್ತದೆ. ಹೊರಪದರ ಬೇಗ ಒಣಗಿ ಒಳಭಾಗ ಹಸಿಯಾಗಿಯೇ ಉಳಿದರೆ ಬಿರುಕುಗಳೂ ಮೂಡುತ್ತವೆ.

ನಮ್ಮ ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಹಸಿ ಮಣ್ಣಿನ ಗಣಪನನ್ನು ಬಿಸಿಲಿಗಿಡದೆ ನೆರಳಿನಲ್ಲಿ ನಿಧಾನವಾಗಿ ಒಣಗಿಸುವುದೂ ಇದೇ ಎಳೆತಕ್ಕೆ ಹೆದರಿ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ: ಸುಡದ ಮಣ್ಣನ್ನು ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ, ಲಿಗ್ನೈಟ್ ಹಾಗಾಗುವುದಿಲ್ಲ. ಗೋಡೆಗಳು ಹತ್ತಿರ ಬಂದಾಗ, ಅದುವರೆಗೆ ನೀರಿನ ಅಣುಗಳನ್ನು ಹಿಡಿದುಕೊಂಡಿದ್ದ ಆಮ್ಲಜನಕಯುಕ್ತ ಗುಂಪುಗಳು ತಮ್ಮತಮ್ಮಲ್ಲೇ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತವೆ, ಮತ್ತು ಆಮೇಲೆ ಬಂದ ನೀರಿಗೆ ಅವನ್ನೆಲ್ಲ ಬಿಡಿಸುವ ಶಕ್ತಿ ಇರುವುದಿಲ್ಲ. ನಿಮ್ಮ ತುಂಡಿನ ತೂಕ ಪೂರ್ತಿ ಮರಳದಿರುವುದಕ್ಕೆ ಇದೇ ಮುಖ್ಯ ಕಾರಣ. ಲಿಗ್ನೈಟಿಗಿಂತ ಒಂದು ಮೆಟ್ಟಿಲು ಮೇಲಿರುವ ಸಬ್‌ಬಿಟುಮಿನಸ್ ಕಲ್ಲಿದ್ದಲು ಹೆಚ್ಚು ಬಿಗಿಯಾದ್ದರಿಂದ ಅಷ್ಟಾಗಿ ಕುಗ್ಗುವುದಿಲ್ಲ.

ಇದರಿಂದ ಅಳತೆಯಲ್ಲೂ ಒಂದು ಪೇಚು ಹುಟ್ಟುತ್ತದೆ. ಅನಿಲ ಹೀರಿಸಿ ರಂಧ್ರಗಳನ್ನು ಅಳೆಯಬೇಕಾದರೆ ಮಾದರಿ ಮೊದಲು ಒಣಗಿರಬೇಕು, ಒಣಗಿಸಿದರೆ ಅಳೆಯಬೇಕಾದದ್ದೇ ಬದಲಾಗುತ್ತದೆ. ಸಾಲದ್ದಕ್ಕೆ, ಮೈನಸ್ 196 ಡಿಗ್ರಿಯಲ್ಲಿ ನೈಟ್ರೋಜನ್ ಬಳಸಿದರೆ ಗ್ರಾಂಗೆ ಕೆಲವೇ ಚದರ ಮೀಟರ್ ಮೇಲ್ಮೈ ತೋರುವ ಲಿಗ್ನೈಟ್, 0 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬಳಸಿದಾಗ ಇನ್ನೂರರ ಆಚೀಚೆ ತೋರಬಹುದು. ಅಷ್ಟು ಚಳಿಯಲ್ಲಿ ನೈಟ್ರೋಜನ್ ಅಣುಗಳು ಅರ್ಧ ನ್ಯಾನೋಮೀಟರಿನ ಆಸುಪಾಸಿನ ಅತಿ ಕಿರಿದಾದ ಸಂದುಗಳೊಳಕ್ಕೆ ನುಸುಳಲಾರವು ಎಂಬುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಹೇಗೆ ಒಣಗಿಸಿದರು, ಯಾವ ಅನಿಲ ಬಳಸಿದರು ಎಂದು ತಿಳಿಸದ ಮೇಲ್ಮೈ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಕುಸಿತವನ್ನು ಕಡಿಮೆ ಮಾಡುವ ದಾರಿಯೂ ಇದೆ. ಮಾದರಿಯನ್ನು ಹೆಪ್ಪುಗಟ್ಟಿಸಿ ಮಂಜುಗಡ್ಡೆಯನ್ನು ನೇರವಾಗಿ ಆವಿಯಾಗಿಸಿದರೆ ದ್ರವದ ಬಾಗಿದ ಮೇಲ್ಮೈಯೇ ಇರುವುದಿಲ್ಲ, ಹಾಗಾಗಿ ಎಳೆತವೂ ಇಲ್ಲ. ನೀರು ಮಂಜಾಗುವಾಗ ಹಿಗ್ಗುವುದರಿಂದ ದೊಡ್ಡ ರಂಧ್ರಗಳು ಕೊಂಚ ವಿಕಾರಗೊಳ್ಳಬಹುದು, ಅಷ್ಟೆ. ಕೈಗಾರಿಕೆಗೆ ಬೇಕಿರುವುದು ಇದಕ್ಕೆ ತದ್ವಿರುದ್ಧ: ಒಮ್ಮೆ ಒಣಗಿದ್ದು ಮತ್ತೆ ನೀರು ಕುಡಿಯಬಾರದು. 1920ರ ದಶಕದಲ್ಲಿ ಆಸ್ಟ್ರಿಯದಲ್ಲಿ ರೂಪುಗೊಂಡ ಫ್ಲೈಸ್ನರ್ ವಿಧಾನದಲ್ಲಿ ಒತ್ತಡದ ಹಬೆಯಿಂದ ಬಿಸಿ ಮಾಡಿ, ಬಹಳಷ್ಟು ನೀರನ್ನು ಆವಿಯಾಗಿಸದೆ ದ್ರವರೂಪದಲ್ಲೇ ಹೊರಡಿಸುತ್ತಾರೆ. ಆ ಬಿಸಿಗೆ, ನೀರನ್ನು ಹಿಡಿಯುವ ಆಮ್ಲಜನಕಯುಕ್ತ ಗುಂಪುಗಳಲ್ಲಿ ಒಂದಾದ ಕಾರ್ಬಾಕ್ಸಿಲ್ ಗುಂಪುಗಳು ಒಡೆಯುವುದರಿಂದ ಇದ್ದಲಿಗೆ ನೀರಿನ ಮೇಲಿನ ಒಲವೇ ತಗ್ಗುತ್ತದೆ.

ಮುಂದಿನ ಸಲ ಓವನ್‌ಗೆ ಇಡುವ ಮೊದಲು ತುಂಡಿನ ಮೇಲೆ ಎರಡು ಗೀರು ಹಾಕಿ, ಅವುಗಳ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆದು ಬರೆದುಕೊಳ್ಳಿ. ಒಣಗಿದ ಮೇಲೆ ಒಮ್ಮೆ, ನೆನೆಸಿದ ಮೇಲೆ ಇನ್ನೊಮ್ಮೆ ಅಳೆದರೆ, ತೂಕದಲ್ಲಿ ಕಂಡ ಕೊರತೆ ಉದ್ದದಲ್ಲೂ ಕಾಣುತ್ತದೆ.