ಹೊಳೆಯುತ್ತಿರುವುದು ಡೋಪಮೈನೋ, ದೀಪವೋ?

ಮೆದುಳಿನಲ್ಲಿ ಡೋಪಮೈನ್ ಚಿಮ್ಮುವುದನ್ನು ನೇರವಾಗಿ ನೋಡಿದರು ಅನ್ನುವ ಥರದ ಸುದ್ದಿ ಆಗಾಗ ಬರುತ್ತಿರುತ್ತದೆ. ನರಕೋಶಗಳು ಸಂದೇಶ ಮುಟ್ಟಿಸಲು ಹೊರಬಿಡುವ ರಾಸಾಯನಿಕಗಳಲ್ಲಿ ಡೋಪಮೈನ್ ಒಂದು. ಜೊತೆಗೆ ಹಸಿರಾಗಿ ಹೊಳೆಯುವ ಒಂದು ಚಿತ್ರ. ಆದರೆ ಆ ಹಸಿರು ಡೋಪಮೈನ್‌ನದಲ್ಲ. ಹಾಗಾದರೆ ಯಾರದು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1921ರಲ್ಲಿ ಓಟ್ಟೋ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತ ನಿಧಾನ ಮಾಡಿದರು. ಆ ಹೃದಯದಲ್ಲಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ದ್ರವದಲ್ಲಿ ಏನೋ ಇತ್ತು. ಅದು ಅಸಿಟೈಲ್‌ಕೋಲೀನ್ ಅನ್ನುವ ಇಂಥದ್ದೇ ಸಂದೇಶವಾಹಕ ರಾಸಾಯನಿಕ ಅಂತ ಆಮೇಲೆ ಗೊತ್ತಾಯಿತು. ಇರುವುದು ಖಚಿತವಾಯಿತು, ಕಣ್ಣಿಗೆ ಬೀಳಲಿಲ್ಲ.

ಕಣ್ಣಿಗೆ ಬಿದ್ದದ್ದು 1960ರ ದಶಕದಲ್ಲಿ. ಸ್ವೀಡನ್ನಿನ ಫಾಲ್ಕ್ ಮತ್ತು ಹಿಲ್ಲಾರ್ಪ್, ಒಣಗಿಸಿದ ಮೆದುಳಿನ ತುಣುಕಿಗೆ ಫಾರ್ಮಾಲ್ಡಿಹೈಡ್ ಆವಿ ಹಿಡಿದರು. ಡೋಪಮೈನ್ ಇದ್ದಲ್ಲಿ ಹಸಿರು, ಸಿರೊಟೋನಿನ್ ಅನ್ನುವ ಇನ್ನೊಂದು ಸಂದೇಶವಾಹಕ ಇದ್ದಲ್ಲಿ ಹಳದಿ! ಯಾವ ಕೋಶದಲ್ಲಿ ಏನಿದೆ ಅನ್ನುವ ನಕ್ಷೆಯೇ ಸಿಕ್ಕಿತು. ಒಂದೇ ತೊಂದರೆ, ಮೆದುಳು ಸತ್ತಿರಬೇಕು.

ಮುಂದಿನ ದಶಕಗಳಲ್ಲಿ ಜೀವಂತ ಮೆದುಳಿಗೆ ಇಂಗಾಲದ ಸಣ್ಣ ಎಳೆ ಚುಚ್ಚಿ ವಿದ್ಯುತ್ತಿನಿಂದ ಅಳೆಯುವ ವಿಧಾನ ಬಂತು. ವೇಗ ಚೆನ್ನಾಗಿತ್ತು, ಆದರೆ ಎಳೆಯ ತುದಿ ಇರುವ ಜಾಗದ್ದಷ್ಟೇ ಗೊತ್ತಾಗುತ್ತಿತ್ತು.

ನನಗೆ ತುಂಬಾ ಇಷ್ಟವಾಗುವುದು ಇದರ ನಂತರದ, ಈಗ ಜಾಸ್ತಿ ಯಾರೂ ನೆನೆಯದ ದಾರಿ. ಸಿರೊಟೋನಿನ್‌ಗೆ ತನ್ನದೇ ಮಂದ ಬೆಳಕಿದೆ. ಅತಿನೇರಳೆ ಕಿರಣ ಬಿದ್ದರೆ ಅತಿನೇರಳೆಯಲ್ಲೇ, ಸುಮಾರು 340 ನ್ಯಾನೊಮೀಟರ್‌ನಲ್ಲಿ ಮಿನುಗುತ್ತದೆ. ಆದರೆ ಅತಿನೇರಳೆ ಕಿರಣ ಜೀವಂತ ಕೋಶವನ್ನು ಸುಡುತ್ತದೆ. ಇದಕ್ಕೊಂದು ಉಪಾಯ ಸಿಕ್ಕಿತು. ಕೋಶಕ್ಕೆ ಅಷ್ಟು ನೋವು ಕೊಡದ, ಅವಕೆಂಪಿನ ಹತ್ತಿರದ ಲೇಸರ್ ಬೆಳಕನ್ನು ಚಿಕ್ಕ ಚಿಕ್ಕ ಮಿಡಿತಗಳಾಗಿ ಒಂದೇ ಬಿಂದುವಿಗೆ ಹಾಯಿಸುವುದು. ಅಲ್ಲಿ ಮೂರು ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು, ಒಂದೇ ಕ್ಷಣದಲ್ಲಿ ಒಂದೇ ಅಣುವಿಗೆ ಬಡಿದರೆ, ಮೂರರ ಶಕ್ತಿ ಸೇರಿ ಒಂದು ಅತಿನೇರಳೆ ಫೋಟಾನ್ ಮಾಡುವ ಕೆಲಸ ಮಾಡುತ್ತವೆ. ಆ ಬಿಂದುವಿನ ಆಚೀಚೆ ಏನೂ ಹೊಳೆಯುವುದಿಲ್ಲ.

1997ರಲ್ಲಿ ಕಾರ್ನೆಲ್‌ನ ವಾಟ್ ವೆಬ್ ಅವರ ಪ್ರಯೋಗಾಲಯದಲ್ಲಿ ಸುದೀಪ್ತ ಮೈತಿ ಮತ್ತು ಸಂಗಡಿಗರು ಜೀವಂತ ಕೋಶಗಳೊಳಗಿನ ಸಿರೊಟೋನಿನ್ ಅನ್ನು ಹೀಗೇ ನೋಡಿದರು. ಅವಿನ್ನೂ ನರಕೋಶಗಳಲ್ಲ. ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮೈತಿ ಅವರ ತಂಡ ನರಕೋಶಗಳಲ್ಲೂ ನೋಡಿತು. ನರಕೋಶದ ತುದಿಯಿಂದಷ್ಟೇ ಅಲ್ಲ, ಅದರ ಒಡಲಿನಿಂದಲೂ ಸಿರೊಟೋನಿನ್ ಹೊರಬೀಳುತ್ತದೆ ಅನ್ನುವುದು ಹೀಗೆ ಕಂಡಿತು. ಬಣ್ಣ ಹಚ್ಚಿಲ್ಲ, ಜೀನ್ ತುರುಕಿಲ್ಲ. ಹೊಳೆದದ್ದು ಸಾಕ್ಷಾತ್ ಸಿರೊಟೋನಿನ್!

ಕಷ್ಟಗಳೂ ಇದ್ದವು ಅನ್ನಿ. ಆ ಬೆಳಕನ್ನು ಮಾಮೂಲಿ ಲೆನ್ಸ್‌ಗಳ ಗಾಜೇ ನುಂಗಿಬಿಡುತ್ತದೆ. ಗ್ಲುಟಮೇಟ್, ಅಸಿಟೈಲ್‌ಕೋಲೀನ್‌ನಂಥ ಇತರ ಸಂದೇಶವಾಹಕಗಳಿಗೆ ಇಂಥ ಬೆಳಕೇ ಇಲ್ಲ. ಕಾಣುವುದೂ ಕೋಶದ ಗೋದಾಮಿನಲ್ಲಿರುವ ದಾಸ್ತಾನು. ಹೊರಟ ಸರಕು ಕ್ಷಣದಲ್ಲಿ ತೆಳುವಾಗಿ ಮಾಯ.

ಹಾಗಾಗಿ ಎಲ್ಲರೂ ಎರವಲು ದೀಪದ ಕಡೆ ಹೊರಟರು. ಜೆಲ್ಲಿ ಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಸಿಕ್ಕಿತ್ತಲ್ವಾ, ಅದನ್ನು ಕತ್ತರಿಸಿ ಜೋಡಿಸಿ, ಗ್ಲುಟಮೇಟ್ ಬಂದರೆ ಹೊಳೆಯುವ ಐಗ್ಲುಸ್ನಿಫರ್ ಅನ್ನುವ ದೀಪ ಮಾಡಿದರು, 2013ರಲ್ಲಿ. 2018ರಲ್ಲಿ ಕ್ಯಾಲಿಫೋರ್ನಿಯಾದ ಲಿನ್ ಟಿಯನ್ ಅವರ ತಂಡದ ಡಿಲೈಟ್, ಬೀಜಿಂಗ್‌ನ ಯುಲಾಂಗ್ ಲಿ ಅವರ ತಂಡದ ಗ್ರ್ಯಾಬ್, ಡೋಪಮೈನ್‌ಗೆಂದೇ ಎರಡೂ ಬಂದವು. ಡೋಪಮೈನ್ ಕೂರುವ ಗ್ರಾಹಕ ಪ್ರೋಟೀನಿಗೇ ಈ ದೀಪ ಕಟ್ಟಿರುತ್ತಾರೆ. ಡೋಪಮೈನ್ ಬಂದು ಕೂತರೆ ಗ್ರಾಹಕ ತಿರುಚಿಕೊಳ್ಳುತ್ತದೆ, ದೀಪ ಪ್ರಖರವಾಗುತ್ತದೆ. ಓಡಾಡುವ ಇಲಿಯ ಮೆದುಳಿನಲ್ಲೂ ಇದು ನಡೆಯುತ್ತದೆ. ನಿಜಕ್ಕೂ ದೊಡ್ಡ ಜಿಗಿತ.

ಆದರೆ ಇದು ಬಾಗಿಲ ಗಂಟೆ ಇದ್ದ ಹಾಗೆ. ಬಂದವರು ಎಷ್ಟು ಜನ ಅಂತ ಗಂಟೆ ಹೇಳುವುದಿಲ್ಲ. ಗ್ರಾಹಕಗಳೆಲ್ಲ ತುಂಬಿದ ಮೇಲೆ ಡೋಪಮೈನ್ ಇನ್ನೆಷ್ಟು ಬಂದರೂ ಹೊಳಪು ಏರುವುದಿಲ್ಲ. ಡೋಪಮೈನ್ ಅನ್ನೇ ಹೋಲುವ ನಾರ್‌ಅಡ್ರಿನಲಿನ್ ಜಾಸ್ತಿ ಇದ್ದರೆ ಅದಕ್ಕೂ ದೀಪ ಸ್ವಲ್ಪ ಹತ್ತಬಹುದು. ಈ ದೀಪ ಮಾಡಲು ವೈರಸ್ ಮೂಲಕ ಕೋಶಗಳಿಗೆ ತಲುಪಿಸಿದ ಜೀನ್ ಒಂದು ಪ್ರಾಣಿಯಲ್ಲಿ ಹೆಚ್ಚು ದೀಪ ಕಟ್ಟಬಹುದು, ಇನ್ನೊಂದರಲ್ಲಿ ಕಡಿಮೆ. ಅದಕ್ಕೇ ಪ್ರಬಂಧಗಳ ಗ್ರಾಫ್‌ನ ಪಕ್ಕದಲ್ಲಿ ಸಾಮಾನ್ಯವಾಗಿ ಡೋಪಮೈನ್‌ನ ಪ್ರಮಾಣ ಇರುವುದಿಲ್ಲ, ಹೊಳಪು ಮೊದಲಿಗಿಂತ ಎಷ್ಟು ಪಾಲು ಬದಲಾಯಿತು ಅಂತ ಇರುತ್ತದೆ. ಸುದ್ದಿಯಾಗುವಷ್ಟರಲ್ಲಿ ಅದು ‘ಡೋಪಮೈನ್ ಇಷ್ಟು ಏರಿತು’ ಅಂತ ಆಗಿರುತ್ತದೆ.